ಉಸಿರಿನ ಲಯ

ಕನ್ನಡದಲ್ಲಿ ಉಸಿರು ಎಂಬ ಮಾತಿಗೆ ಪ್ರಾಣವೆಂಬ ಅರ್ಥವೂ ಉಂಟು. ‘ಉಸಿರಿರುವ ತನಕ’ ಎಂದರೆ ಬದುಕಿರುವ ತನಕ ಎಂದೇ ಅರ್ಥ. ಕೆಲಸದ ಒತ್ತಡಕ್ಕೆ ಸಿಲುಕಿದವನು ‘ಉಸಿರಾಡಲೂ ಪುರುಸೊತ್ತಿಲ್ಲ’ ಎಂದು ಗೊಣಗುತ್ತಾನೆ. ಆದರೆ ಹಾಗೆ ಗೊಣಗುವಾಗಲೂ ಅವನ ಉಸಿರಾಟ ನಡೆದೇ ಇರುತ್ತದೆ. ಅದಕ್ಕಾಗಿ ಅವನು ಪುರುಸೊತ್ತು ಮಾಡಿಕೊಳ್ಳಬೇಕಾದ ಅಗತ್ಯವಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಪ್ರತಿ ಸಲವೂ ಸುಮಾರು ಅರ್ಧ ಲೀಟರ್ ಗಾಳಿ ಒಳಹೋಗಿ ಹೊರಬರುತ್ತದೆ. ಒಂದು ಹಗಲು, ಒಂದು ರಾತ್ರಿ ಕಳೆಯುವುದರೊಳಗೆ ಈ ಕ್ರಿಯೆ ಸುಮಾರು ಇಪ್ಪತ್ತು ಸಾವಿರ ಬಾರಿ ನಡೆದಿರುತ್ತದೆ. ಓದುವಾಗಲೂ ಆಡುವಾಗಲೂ ಗಾಢನಿದ್ರೆಯಲ್ಲಿ ಮೈಮರೆತಿರುವಾಗಲೂ ತಪ್ಪದ ಈ ಲಯವನ್ನು ಕಾಯುವವರು ಯಾರು?

ಹೃದಯವೂ ಹೀಗೆಯೇ ಬಿಡುವಿಲ್ಲದೆ ದುಡಿಯುತ್ತದೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಹೃದಯದ ಮಿಡಿತ ಹುಟ್ಟುವುದು ಹೃದಯದಲ್ಲಿಯೇ. ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯವು ತಕ್ಕ ಲವಣದ್ರಾವಣದಲ್ಲಿ ಸ್ವಲ್ಪ ಕಾಲ ತಾನಾಗಿಯೇ ಮಿಡಿಯುತ್ತಿರುತ್ತದೆ. ಶ್ವಾಸಕೋಶಕ್ಕೆ ಅಂತಹ ಸ್ವಂತ ಮಿಡಿತವಿಲ್ಲ. ಅದು ಹಿಗ್ಗುವುದೂ ಕುಗ್ಗುವುದೂ ಬೇರೆಯವರ ಬಲದಿಂದ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಕಮಾನಿನಾಕಾರದ ಸ್ನಾಯು ಸಂಕುಚಿಸಿ ಕೆಳಗಿಳಿದಾಗ, ಪಕ್ಕೆಲುಬುಗಳ ನಡುವಣ ಸ್ನಾಯುಗಳು ಎದೆಗೂಡನ್ನು ಮೇಲೆತ್ತಿದಾಗ, ಒಳಗಿನ ಜಾಗ ಹೆಚ್ಚಿ ಗಾಳಿ ಒಳನುಗ್ಗುತ್ತದೆ. ಇದು ಉಚ್ಛ್ವಾಸ. ಸ್ನಾಯುಗಳು ಸಡಿಲಗೊಂಡಾಗ ಹಿಗ್ಗಿದ್ದ ಶ್ವಾಸಕೋಶ ರಬ್ಬರಿನಂತೆ ಮೊದಲಿನ ಸ್ಥಿತಿಗೆ ಮರಳಿ ಗಾಳಿ ಹೊರಬೀಳುತ್ತದೆ. ಇದು ನಿಶ್ವಾಸ.

ವಪೆಯಾಗಲಿ ಪಕ್ಕೆಲುಬುಗಳ ಸ್ನಾಯುಗಳಾಗಲಿ ಕೈಕಾಲುಗಳ ಸ್ನಾಯುಗಳಂತೆಯೇ ನರಗಳ ಅಪ್ಪಣೆಯಿಲ್ಲದೆ ಅಲುಗಲಾರವು. ಅಪ್ಪಣೆ ಬಂದರೆ ಸಂಕುಚಿಸುತ್ತವೆ, ಬಾರದಿದ್ದರೆ ಸುಮ್ಮನಿರುತ್ತವೆ. ಆದುದರಿಂದ ದಿನದ ಇಪ್ಪತ್ತು ಸಾವಿರ ಉಸಿರುಗಳಿಗೆ ಇಪ್ಪತ್ತು ಸಾವಿರ ಅಪ್ಪಣೆಗಳು ಎಲ್ಲಿಂದಲೋ ಬರಲೇಬೇಕು. ಆ ‘ಎಲ್ಲಿಂದಲೋ’ ಎಂಬುದರ ನೆಲೆಯನ್ನು ಹುಡುಕಿದ ಕಥೆ ಬಹು ದೀರ್ಘವಾದುದು.

ಕ್ರಿಸ್ತಶಕ 2ನೆಯ ಶತಮಾನದಲ್ಲಿ ಗ್ಯಾಲೆನ್ ಎಂಬ ಪ್ರಸಿದ್ಧ ವೈದ್ಯನಿದ್ದನು. ಇಂದಿನ ಟರ್ಕಿಗೆ ಸೇರಿದ ಪರ್ಗಮಮ್ ನಗರದಲ್ಲಿ, ಅಖಾಡದಲ್ಲಿ ಕಾದಾಡುವ ಮಲ್ಲರಿಗೆ ಚಿಕಿತ್ಸೆ ಮಾಡುವುದು ಅವನ ಕೆಲಸವಾಗಿತ್ತು. ಬೆನ್ನುಹುರಿಯ ಗುಟ್ಟನ್ನು ತಿಳಿಯಲು ಅವನು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಬೆನ್ನುಹುರಿಯನ್ನು ಕತ್ತಿನ ಕೆಳಭಾಗದಲ್ಲಿ ಕತ್ತರಿಸಿದರೆ ಕಾಲುಗಳು ಸ್ವಾಧೀನ ತಪ್ಪಿದರೂ ವಪೆಯ ಚಲನೆ ಉಳಿಯುತ್ತಿತ್ತು. ಕತ್ತಿನ ತುದಿಯಲ್ಲಿ, ತಲೆಬುರುಡೆಯ ಬುಡದಲ್ಲಿ ಕತ್ತರಿಸಿದರೆ ಉಸಿರಾಟ ಕೂಡಲೇ ನಿಂತುಹೋಗುತ್ತಿತ್ತು. ವಪೆಗೆ ಹೋಗುವ ನರ ಕತ್ತಿನ ನಡುಭಾಗದಲ್ಲಿ ಬೆನ್ನುಹುರಿಯಿಂದ ಹೊರಡುವುದೇ ಇದಕ್ಕೆ ಕಾರಣ. ಉಸಿರಿನ ಅಪ್ಪಣೆ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಮೇಲಿನಿಂದ ಎಂದರೆ ಮಿದುಳಿನ ಯಾವ ಭಾಗದಿಂದ? ಈ ಪ್ರಶ್ನೆಗೆ ಉತ್ತರ ದೊರೆಯಲು ಹದಿನಾರು ಶತಮಾನಗಳೇ ಉರುಳಬೇಕಾಯಿತು. ಫ್ರಾನ್ಸಿನ ಲೆಗಾಲ್ವಾ ಎಂಬ ವೈದ್ಯನು 1812ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಅವನು ಮೊಲದ ಮಿದುಳನ್ನು ಮುಂದಿನಿಂದ ಹಿಂದಕ್ಕೆ ಬಿಲ್ಲೆಬಿಲ್ಲೆಯಾಗಿ ತೆಗೆಯುತ್ತ ಹೋದನು. ಆಲೋಚನೆಯ ನೆಲೆಯಾದ ಮಹಾಮಸ್ತಿಷ್ಕ ಹೋಯಿತು, ಉಸಿರಾಟ ನಿಲ್ಲಲಿಲ್ಲ. ಸಮತೋಲನವನ್ನು ಕಾಯುವ ಅನುಮಸ್ತಿಷ್ಕ ಹೋಯಿತು, ಆಗಲೂ ನಿಲ್ಲಲಿಲ್ಲ. ಕೊನೆಗೆ ಮಿದುಳಿನ ತೀರ ಕೆಳಭಾಗದಲ್ಲಿರುವ ಮೆಡುಲ್ಲಾದಲ್ಲಿ ಒಂದು ಗೊತ್ತಾದ ಸ್ಥಾನವನ್ನು ಕತ್ತರಿ ಮುಟ್ಟಿತು. ಒಡನೆಯೇ ಉಸಿರು ನಿಂತಿತು. ಅವನ ತರುವಾಯ ಬಂದ ಫ್ಲೂರಾನ್ಸ್ ಎಂಬ ಫ್ರೆಂಚ್ ವಿಜ್ಞಾನಿ ಆ ಸ್ಥಾನವನ್ನು ‘ಪ್ರಾಣದ ಗಂಟು’ ಎಂದು ಕರೆದನು.

ಮಿದುಳನ್ನು ಒಂದು ಹೂಕೋಸಿಗೆ ಹೋಲಿಸಿದರೆ ಅದರ ದಂಟಿನಂತಿರುವ ಭಾಗಕ್ಕೆ ಮಿದುಳಿನ ಕಾಂಡ ಎಂದು ಹೆಸರು. ಕಾಂಡದ ಮೇಲ್ಭಾಗ ಮಧ್ಯಮಿದುಳು, ನಡುಭಾಗ ಪಾನ್ಸ್, ಬೆನ್ನುಹುರಿಯೊಡನೆ ಕೂಡಿಕೊಳ್ಳುವ ಕೆಳಭಾಗವೇ ಮೆಡುಲ್ಲಾ. ಮೆಡುಲ್ಲಾದ ಉದ್ದ ಸುಮಾರು ಮೂರು ಸೆಂಟಿಮೀಟರ್, ಹೆಚ್ಚು ಕಡಮೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಇಷ್ಟು ಕಿರಿದಾದ ಜಾಗದಲ್ಲಿ ರಕ್ತದ ಒತ್ತಡ, ನುಂಗುವಿಕೆ, ಕೆಮ್ಮು, ವಾಂತಿ ಮೊದಲಾದ ಹಲವು ಕಾರ್ಯಗಳ ನಿಯಂತ್ರಣ ಕೇಂದ್ರಗಳು ಒತ್ತೊತ್ತಾಗಿ ನೆಲೆಸಿವೆ. ಇವುಗಳ ನಡುವೆ ಉಸಿರಿನ ಲಯವನ್ನು ಹುಟ್ಟಿಸುವ ನರಕೋಶಗಳನ್ನು ಗುರುತಿಸುವುದು ರಾಶಿಯಲ್ಲಿ ಒಂದು ಕಾಳನ್ನು ಹುಡುಕಿದಂತೆ.

ಆ ಕಾಳು ಸಿಕ್ಕಿದ್ದು 1991ರಲ್ಲಿ. ಅಮೆರಿಕದ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಅವರ ಸಂಗಡಿಗರು ಆಗತಾನೆ ಹುಟ್ಟಿದ ಇಲಿಮರಿಗಳ ಮೆಡುಲ್ಲಾವನ್ನು ಒಂದು ಮಿಲಿಮೀಟರಿಗಿಂತಲೂ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ಆಮ್ಲಜನಕ ಬೆರೆತ ದ್ರಾವಣದಲ್ಲಿ ಜೀವಂತವಾಗಿ ಇರಿಸಿದರು. ಒಂದು ಬಿಲ್ಲೆಯಲ್ಲಿ ಮಾತ್ರ ವಿಸ್ಮಯಕರವಾದ ಸಂಗತಿ ಕಂಡುಬಂದಿತು. ಶ್ವಾಸಕೋಶವಿಲ್ಲ, ಎದೆಗೂಡಿಲ್ಲ, ದೇಹವೇ ಇಲ್ಲ. ಆದರೂ ಆ ಬಿಲ್ಲೆಯ ನರಕೋಶಗಳು ಉಸಿರಾಟದ ಅಪ್ಪಣೆಯನ್ನು ಒಂದೇ ಲಯದಲ್ಲಿ ಕಳುಹಿಸುತ್ತಲೇ ಇದ್ದವು. ಆ ಬಿಲ್ಲೆಯಲ್ಲಿದ್ದ ನರಕೋಶಗಳ ಗುಂಪಿಗೆ ‘ಪ್ರೀ-ಬೋಟ್ಜಿಂಗರ್ ಸಂಕೀರ್ಣ’ ಎಂದು ಹೆಸರಾಯಿತು. ಹೆಸರು ಗಡುಸಾದರೂ ಅದರ ಮೂಲ ತಮಾಷೆಯದು. ಇದರ ಪಕ್ಕದಲ್ಲಿರುವ ಇನ್ನೊಂದು ಗುಂಪಿಗೆ ಹೆಸರಿಡಬೇಕಾಗಿ ಬಂದಾಗ, ಜರ್ಮನಿಯಲ್ಲಿ ನಡೆದ ವಿದ್ವಾಂಸರ ಕೂಟವೊಂದರಲ್ಲಿ ಮೇಜಿನ ಮೇಲಿದ್ದ ದ್ರಾಕ್ಷಾರಸದ ಶೀಶೆಯ ಹೆಸರನ್ನೇ ಫೆಲ್ಡ್‌ಮನ್ ಸೂಚಿಸಿದ್ದರು. ‘ಪ್ರೀ’ ಎಂದರೆ ‘ಮುಂಚಿನ’ ಎಂದರ್ಥ. ಮೆಡುಲ್ಲಾದ ಎಡಕ್ಕೊಂದು ಬಲಕ್ಕೊಂದು ಇರುವ ಈ ಗುಂಪುಗಳಲ್ಲಿ ಇಲಿಯಂತಹ ಪ್ರಾಣಿಗಳಲ್ಲಿ ಕೆಲವೇ ಸಾವಿರ ನರಕೋಶಗಳಿವೆ. ಇಲಿಗಳಲ್ಲಿ ಇವುಗಳ ಪೈಕಿ ಒಂದು ಬಗೆಯ ಕೋಶಗಳನ್ನು ನಾಶಮಾಡಿದಾಗ ಉಸಿರಾಟ ಲಯಗೆಟ್ಟು ತಡವರಿಸುವುದೆಂದು 2001ರಲ್ಲಿ ತೋರಿಸಲಾಯಿತು.

ಕೆಲವು ಸಾವಿರ ಕೋಶಗಳು ಲಯವನ್ನು ಹುಟ್ಟಿಸುವುದಾದರೂ ಹೇಗೆ? ಜಾತ್ರೆಯಲ್ಲಿ ತೇರನ್ನೆಳೆಯುವ ನೋಟವನ್ನು ಕಣ್ಣಮುಂದೆ ತಂದುಕೊಂಡರೆ ಇದು ತಿಳಿಯಾಗುತ್ತದೆ. ನೂರಾರು ಜನರು ಹಗ್ಗ ಹಿಡಿದು ನಿಂತಿರುತ್ತಾರೆ. ಮೊದಲು ಒಬ್ಬಿಬ್ಬರು ಕೂಗು ಹಾಕುತ್ತಾರೆ. ಅಕ್ಕಪಕ್ಕದವರು ದನಿಗೂಡಿಸುತ್ತಾರೆ. ಕೂಗು ಕೂಗನ್ನು ಎಬ್ಬಿಸಿ, ಎಲ್ಲರೂ ಒಮ್ಮೆಗೇ ಎಳೆದಾಗ ತೇರು ನಾಲ್ಕು ಮಾರು ಮುಂದೆ ಸಾಗುತ್ತದೆ. ಬಳಿಕ ದಣಿದ ಜನ ಅರೆಗಳಿಗೆ ಸುಮ್ಮನಾಗುತ್ತಾರೆ. ಮತ್ತೆ ಒಬ್ಬಿಬ್ಬರ ಕೂಗು, ಮತ್ತೆ ಎಳೆತ. ಈ ನರಕೋಶಗಳ ನಡೆಯೂ ಹೀಗೆಯೇ. ಕೆಲವು ಕೋಶಗಳು ಮೊದಲು ಎಚ್ಚರಗೊಂಡು ನೆರೆಯ ಕೋಶಗಳನ್ನು ಪ್ರಚೋದಿಸುತ್ತವೆ. ಪ್ರಚೋದನೆ ಹಬ್ಬಿ ಗುಂಪೆಲ್ಲವೂ ಏಕಕಾಲಕ್ಕೆ ಸ್ಪಂದಿಸುತ್ತದೆ. ಆ ಸ್ಪಂದನ ಬೆನ್ನುಹುರಿಯಲ್ಲಿ ಇಳಿದು ವಪೆಯನ್ನು ತಲಪಿದಾಗ ಒಂದು ಉಚ್ಛ್ವಾಸ ನಡೆಯುತ್ತದೆ. ಅನಂತರ ಕೋಶಗಳು ಬಳಲಿ ಮೌನವಾಗುತ್ತವೆ, ನಿಶ್ವಾಸಕ್ಕೆ ಅವಕಾಶವಾಗುತ್ತದೆ. ನೆರೆಯ ಗುಂಪುಗಳು ಈ ಮೌನವನ್ನು ಕಾಯುತ್ತವೆ. ಪಾನ್ಸ್ ಭಾಗದ ಕೋಶಗಳು ಉಚ್ಛ್ವಾಸ ಸರಿಯಾದ ಹೊತ್ತಿಗೆ ಮುಗಿಯುವಂತೆ ತಿದ್ದುತ್ತವೆ. ಕೆಲವು ಕೋಶಗಳಿಗೆ ತಾವಾಗಿಯೇ ಮಿಡಿಯುವ ಗುಣವೂ ಇದೆ. ಲಯದ ಹುಟ್ಟಿನಲ್ಲಿ ಆ ಗುಣದ ಪಾಲೆಷ್ಟು, ಒಗ್ಗಟ್ಟಿನ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ.

ಇದೇ ಗುಂಪು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸಾಮಾನ್ಯ ಉಸಿರಾಟದಲ್ಲಿ ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳ ಪೈಕಿ ಕೆಲವು ಆಗಾಗ ಮುದುಡಿಕೊಳ್ಳುತ್ತವೆ. ಅವನ್ನು ಮತ್ತೆ ಅರಳಿಸಲು ಕೆಲವು ನಿಮಿಷಗಳಿಗೊಮ್ಮೆ ಒಂದು ನಿಡಿದಾದ ಉಸಿರು ಬೇಕು. ದುಃಖವಿಲ್ಲದಿದ್ದರೂ, ಅರಿವಿಗೆ ಬಾರದಂತೆ, ಮನುಷ್ಯನು ಗಂಟೆಗೆ ಹಲವು ಬಾರಿ ನಿಟ್ಟುಸಿರು ಬಿಡುವುದು ಈ ಕಾರಣದಿಂದಲೇ.

ಲಯವನ್ನು ಹುಟ್ಟಿಸಿದರೆ ಸಾಲದು. ದೇಹದ ಅಗತ್ಯಕ್ಕೆ ತಕ್ಕಂತೆ ಅದನ್ನು ಹೊಂದಿಸಬೇಕು. ಓಡುವವನಿಗೂ ಮಲಗಿರುವವನಿಗೂ ಒಂದೇ ಉಸಿರಾಟ ಒಗ್ಗುವುದಿಲ್ಲ. ಆದುದರಿಂದ ಮೆಡುಲ್ಲಾ ಅಪ್ಪಣೆ ಕೊಡುವುದರ ಜೊತೆಗೆ ಸದಾ ಸುದ್ದಿಯನ್ನೂ ಕೇಳುತ್ತಿರುತ್ತದೆ. ಶ್ವಾಸಕೋಶ ಹಿಗ್ಗಿದ ಸುದ್ದಿ ವೇಗಸ್ ಎಂಬ ನರದ ಮೂಲಕ ಅಲ್ಲಿಗೆ ಮುಟ್ಟುತ್ತದೆಂದೂ, ಆ ಸುದ್ದಿ ಉಚ್ಛ್ವಾಸವನ್ನು ತಡೆಯುತ್ತದೆಂದೂ ಹೆರಿಂಗ್ ಮತ್ತು ಬ್ರಾಯರ್ ಎಂಬ ವಿಜ್ಞಾನಿಗಳು 1868ರಲ್ಲಿ ತೋರಿಸಿಕೊಟ್ಟರು.

ಇದಕ್ಕಿಂತಲೂ ಮುಖ್ಯವಾದ ಸುದ್ದಿ ರಕ್ತದಿಂದ ಬರುತ್ತದೆ. ಉಸಿರಾಡುವುದು ಆಮ್ಲಜನಕಕ್ಕಾಗಿ, ಆದುದರಿಂದ ಮೆಡುಲ್ಲಾ ಆಮ್ಲಜನಕದ ಕೊರತೆಯನ್ನೇ ಮುಖ್ಯವಾಗಿ ಗಮನಿಸುತ್ತಿರಬೇಕು ಎಂದು ಊಹಿಸುವುದು ಸಹಜ. ಆದರೆ ನಿಜಸ್ಥಿತಿ ಬೇರೆ. ಇಂಗ್ಲೆಂಡಿನಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬುವರು ಮನುಷ್ಯರ ಶ್ವಾಸಕೋಶದ ಆಳದಲ್ಲಿರುವ ಗಾಳಿಯನ್ನು ಪರೀಕ್ಷಿಸಿ, ಅದರಲ್ಲಿರುವ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ದೇಹವು ಬಹು ಕಟ್ಟುನಿಟ್ಟಾಗಿ ಒಂದೇ ಮಟ್ಟದಲ್ಲಿ ಇರಿಸಿಕೊಳ್ಳುತ್ತದೆಂದು 1905ರಲ್ಲಿ ತೋರಿಸಿದರು. ಆ ಪ್ರಮಾಣ ತುಸು ಏರಿದರೂ ಉಸಿರಾಟ ಬಹಳ ಹೆಚ್ಚುತ್ತದೆ. ತುಸು ಇಳಿದರೂ ತಗ್ಗುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ದುರ್ಬಲವಾದ ಆಮ್ಲವೊಂದು ಉಂಟಾಗುತ್ತದೆ. ಸೋಡಾ ನೀರಿನ ಚುರುಕು ರುಚಿಗೆ ಕಾರಣವಾದುದು ಇದೇ. ಮೆಡುಲ್ಲಾದ ಹೊರಮೈಗೆ ಸಮೀಪದಲ್ಲಿರುವ ಕೆಲವು ಕೋಶಗಳು ಈ ಆಮ್ಲೀಯತೆಯನ್ನು ಗ್ರಹಿಸಿ ಲಯದ ಕೋಶಗಳನ್ನು ಎಚ್ಚರಿಸುತ್ತವೆ. ಆಮ್ಲಜನಕವನ್ನು ಗಮನಿಸುವ ಕಾವಲುಗಾರರು ಕತ್ತಿನ ಎರಡು ಬದಿಗಳಲ್ಲಿ, ಮಿದುಳಿಗೆ ರಕ್ತವನ್ನೊಯ್ಯುವ ಅಪಧಮನಿಗಳ ಕವಲಿನಲ್ಲಿದ್ದಾರೆ. ಈ ಭಾಗದ ಕಾರ್ಯವನ್ನು ವಿವರಿಸಿದ ಬೆಲ್ಜಿಯಮ್ಮಿನ ಹೈಮಾನ್ಸ್‌ಗೆ 1938ನೆಯ ವರ್ಷದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆಮ್ಲಜನಕ ಬಹಳಷ್ಟು ಇಳಿಯುವವರೆಗೂ ಈ ಕಾವಲುಗಾರರು ಗಟ್ಟಿಯಾಗಿ ಕೂಗುವುದಿಲ್ಲ.

ಈ ಸಂಗತಿಯನ್ನು ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯವಾಗಬಹುದು. ಕೆರೆಯಲ್ಲಾಗಲಿ ಬಾವಿಯಲ್ಲಾಗಲಿ ಈಜುಕೊಳದಲ್ಲಾಗಲಿ, ನೀರಿನೊಳಗೆ ಯಾರು ಹೆಚ್ಚು ಹೊತ್ತು ಮುಳುಗಿರುವರೆಂದು ಹುಡುಗರು ಪಂದ್ಯ ಕಟ್ಟುವುದುಂಟು. ಮುಳುಗುವ ಮುನ್ನ ಹತ್ತಾರು ಬಾರಿ ರಭಸದಿಂದ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದೆಂದು ಕೆಲವರು ಹೇಳಿಕೊಡುತ್ತಾರೆ. ಹಾಗೆ ಮಾಡಿದವನು ಹೆಚ್ಚು ಹೊತ್ತು ಉಳಿಯುವುದು ನಿಜ. ಆದರೆ ಅದಕ್ಕೆ ಕಾರಣ ರಕ್ತದಲ್ಲಿ ಆಮ್ಲಜನಕ ತುಂಬಿಕೊಂಡಿತೆಂಬುದಲ್ಲ. ಆರೋಗ್ಯವಂತನ ರಕ್ತ ಮೊದಲೇ ಆಮ್ಲಜನಕದಿಂದ ಹೆಚ್ಚು ಕಡಮೆ ತುಂಬಿರುತ್ತದೆ. ರಭಸದ ಉಸಿರಾಟದಿಂದ ಹೊರಟುಹೋಗುವುದು ಇಂಗಾಲದ ಡೈಆಕ್ಸೈಡ್. ‘ಉಸಿರಾಡು’ ಎಂದು ಎಚ್ಚರಿಸಬೇಕಾದ ಗಂಟೆಯ ನಾಲಗೆಯನ್ನೇ ಕಿತ್ತಿಟ್ಟಂತಾಯಿತು. ಡೈಆಕ್ಸೈಡ್ ಮತ್ತೆ ಶೇಖರವಾಗುವ ಮೊದಲೇ ಆಮ್ಲಜನಕ ತೀರುತ್ತ ಬರುತ್ತದೆ. ಉಸಿರಿಗಾಗಿ ಚಡಪಡಿಸುವ ಮುನ್ನವೇ ಈಜುಗಾರ ನೀರಿನೊಳಗೆ ಪ್ರಜ್ಞೆ ತಪ್ಪುತ್ತಾನೆ. ಅನಂತರ ಡೈಆಕ್ಸೈಡ್ ಏರಿ ಮೆಡುಲ್ಲಾ ತನ್ನ ಅಪ್ಪಣೆಯನ್ನು ಕೊಟ್ಟಾಗ ಒಳನುಗ್ಗುವುದು ಗಾಳಿಯಲ್ಲ, ನೀರು. ನುರಿತ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಉಸಿರಾಟದ ಮೇಲೆ ಮನುಷ್ಯನಿಗೆ ಹಿಡಿತವೇ ಇಲ್ಲವೆಂದಲ್ಲ. ಮಾತನಾಡುವವನು, ಹಾಡುವವನು, ಕೊಳಲನ್ನೂದುವವನು, ಪ್ರಾಣಾಯಾಮ ಮಾಡುವವನು ಉಸಿರನ್ನು ತಮ್ಮಿಚ್ಛೆಯಂತೆ ನಡೆಸುತ್ತಾರೆ. ಮಹಾಮಸ್ತಿಷ್ಕದಿಂದ ಉಸಿರಾಟದ ಸ್ನಾಯುಗಳಿಗೆ ಬೇರೊಂದು ನರಮಾರ್ಗವಿರುವುದೇ ಇದಕ್ಕೆ ಕಾರಣ. ಇಚ್ಛೆಯ ದಾರಿ ಒಂದು, ತಾನಾಗಿ ನಡೆಯುವ ದಾರಿ ಇನ್ನೊಂದು. ಆದರೆ ಇಚ್ಛೆಗೆ ಒಂದು ಮಿತಿಯಿದೆ. ಹಟ ಹಿಡಿದು ಉಸಿರು ಕಟ್ಟಿದ ಮಗು ಸ್ವಲ್ಪ ಹೊತ್ತಿನಲ್ಲಿ ಸೋಲುತ್ತದೆ, ಮೆಡುಲ್ಲಾ ಗೆಲ್ಲುತ್ತದೆ. ಅಪರೂಪವಾಗಿ ಕೆಲವು ಮಕ್ಕಳು ಈ ಎರಡನೆಯ ದಾರಿಯ ದೋಷದೊಡನೆ ಹುಟ್ಟುತ್ತಾರೆ. ಎಚ್ಚರವಿರುವಾಗ ಅವರ ಉಸಿರಾಟ ಹೇಗೋ ಸಾಗುತ್ತದೆ. ನಿದ್ರೆ ಬಂದೊಡನೆ ತೀರ ಕ್ಷೀಣಿಸುತ್ತದೆ. ಇಂಗಾಲದ ಡೈಆಕ್ಸೈಡ್ ಎಷ್ಟೇ ಏರಿದರೂ ಅವರ ಮೆಡುಲ್ಲಾಕ್ಕೆ ಆ ಸುದ್ದಿ ಸರಿಯಾಗಿ ಕೇಳಿಸುವುದಿಲ್ಲ. ಪ್ರತಿ ರಾತ್ರಿಯೂ ಯಂತ್ರದ ನೆರವಿನಿಂದಲೇ ಅವರು ಉಸಿರಾಡಬೇಕು. ಇದಕ್ಕೆ ಕಾರಣವಾದ ಅನುವಂಶೀಯ ದೋಷವನ್ನು 2003ರಲ್ಲಿ ಗುರುತಿಸಲಾಯಿತು.

ಆರೋಗ್ಯವಂತರಾಗಿ ಹುಟ್ಟಿದವರಲ್ಲಿಯೂ ಈ ಅಪ್ಪಣೆ ಕಡಿದುಹೋಗಬಹುದು. 1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಅನೇಕ ರೋಗಿಗಳಲ್ಲಿ ವಿಷಾಣುಗಳು ಮೆಡುಲ್ಲಾದ ಹಾಗೂ ಬೆನ್ನುಹುರಿಯ ನರಕೋಶಗಳನ್ನು ಹಾಳುಗೆಡವಿ, ಉಸಿರಾಟವನ್ನೂ ನುಂಗುವ ಶಕ್ತಿಯನ್ನೂ ಕಸಿದುಕೊಂಡವು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಕೆಲವು ವಾರಗಳಲ್ಲಿ ಅಂದಿನ ಉಸಿರಾಟದ ಯಂತ್ರಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞನಾದ ಬ್ಯೋರ್ನ್ ಇಬ್ಸೆನ್ ಎಂಬುವನು, ರೋಗಿಗಳು ಸಾಯುತ್ತಿರುವುದು ಉಸಿರಾಟ ಸಾಲದೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಶೇಖರವಾಗುತ್ತಿರುವುದರಿಂದ ಎಂದು ಗುರುತಿಸಿದನು. ಆಗಸ್ಟ್ 27ರಂದು ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆಯನ್ನು ಅಳವಡಿಸಿ, ರಬ್ಬರಿನ ಚೀಲವೊಂದನ್ನು ಕೈಯಿಂದ ಒತ್ತಿ ಒತ್ತಿ ಗಾಳಿಯನ್ನು ಒಳಗೆ ಕಳುಹಿಸಲಾಯಿತು. ಬಾಲಕಿ ಬದುಕಿದಳು. ಅಷ್ಟೊಂದು ರೋಗಿಗಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು, ಹಗಲಿರುಳೂ ಚೀಲಗಳನ್ನು ಒತ್ತಿದರು. ನೂರಕ್ಕೆ 80ಕ್ಕಿಂತ ಹೆಚ್ಚಿದ್ದ ಸಾವಿನ ಪ್ರಮಾಣ ಸುಮಾರು 40ಕ್ಕೆ ಇಳಿಯಿತು. ಮೆಡುಲ್ಲಾ ಯಾರಿಗೂ ತಿಳಿಯದಂತೆ ಮಾಡುತ್ತಿದ್ದ ಕೆಲಸವನ್ನು ಮಾಡಲು ಒಬ್ಬೊಬ್ಬ ರೋಗಿಗೂ ಸರದಿಯ ಮೇಲೆ ಹಲವರು ಕೈಗಳು ಸೋಲುವ ತನಕ ದುಡಿಯಬೇಕಾಯಿತು. ಇಂದಿನ ತೀವ್ರನಿಗಾ ಘಟಕಗಳ ಕಲ್ಪನೆ ಬೆಳೆದುದು ಈ ಸೇವೆಯಿಂದಲೇ.

ಅಫೀಮು, ಅದರಿಂದ ತಯಾರಿಸಿದ ಮಾರ್ಫಿನ್ ಮೊದಲಾದ ದ್ರವ್ಯಗಳು ಮಿತಿಮೀರಿದಾಗ ಕೊಲ್ಲುವುದೂ ಇದೇ ಕೇಂದ್ರವನ್ನು ಮಂಕಾಗಿಸಿಯೇ. ನೋವನ್ನು ತಣಿಸುವ ಮದ್ದು ವೈದ್ಯರ ಕೈಯಲ್ಲಿ ಉಪಕಾರಿ. ಅಳತೆ ತಪ್ಪಿದರೆ ಅದು ಲಯದ ಕೋಶಗಳನ್ನೂ ಮಲಗಿಸುತ್ತದೆ.

ಮೆಡುಲ್ಲಾ ಎಂದೆಂದಿಗೂ ಮೌನವಾದರೆ ಏನಾಗುತ್ತದೆ? ತಲೆಗೆ ಭಾರಿ ಪೆಟ್ಟು ಬಿದ್ದವರನ್ನು ಯಂತ್ರಕ್ಕೆ ಜೋಡಿಸಿದಾಗ, ಉಸಿರು ಯಂತ್ರದ್ದಾದರೂ ಹೃದಯ ತನ್ನದೇ ಲಯದಿಂದ ಸ್ವಲ್ಪ ಕಾಲ ಮಿಡಿಯುತ್ತಿರುತ್ತದೆ. ಮೈ ಬೆಚ್ಚಗಿರುತ್ತದೆ. ಬಂಧುಗಳಿಗೆ ಆತ ನಿದ್ರಿಸುತ್ತಿರುವಂತೆ ಕಾಣುತ್ತದೆ. ಇಂತಹ ಸಂದರ್ಭದಲ್ಲಿ ಮಿದುಳಿನ ಕಾಂಡದ ಮರಣವನ್ನು ಮರಣವೆಂದೇ ಪರಿಗಣಿಸಲು ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆ ಅವಕಾಶ ನೀಡಿತು. ಅದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಗಳಲ್ಲಿ ಒಂದು ಬಹಳ ಸರಳವಾದುದು. ಆಮ್ಲಜನಕವನ್ನು ಒದಗಿಸುತ್ತಲೇ ಯಂತ್ರದ ಒತ್ತಡವನ್ನು ನಿಲ್ಲಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಲು ಬಿಡುತ್ತಾರೆ. ಎದೆ ಒಮ್ಮೆಯಾದರೂ ಮೇಲೇಳುವುದೇ ಎಂದು ವೈದ್ಯರು ಕಣ್ಣಿಟ್ಟು ನೋಡುತ್ತಾರೆ. ಹಾಲ್ಡೇನನು ಗುರುತಿಸಿದ ಆ ಬಲವಾದ ಕರೆಗೂ ಉತ್ತರ ಬಾರದಿದ್ದರೆ, ಕನಿಷ್ಠ 6 ಗಂಟೆಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಅದೇ ಫಲ ಕಂಡುಬಂದ ಮೇಲೆಯೇ ತೀರ್ಮಾನ ಕೊಡುತ್ತಾರೆ. ಹಾಗೆ ಅಗಲಿದವರ ಬಂಧುಗಳು ಸಮ್ಮತಿಸಿದರೆ ಅವರ ಹೃದಯ, ಯಕೃತ್ತು, ಮೂತ್ರಪಿಂಡಗಳು ಬೇರೆಯವರಿಗೆ ಬದುಕು ಕೊಡಬಲ್ಲವು.

‘ಉಸಿರಿರುವ ತನಕ’ ಎಂದು ಹಿರಿಯರು ಆಡಿದ ಮಾತಿಗೆ ವಿಜ್ಞಾನ ಹೀಗೆ ಒಂದು ನೆಲೆಯನ್ನು ತೋರಿಸಿಕೊಟ್ಟಿದೆ. ಉಸಿರು ಎದೆಯಲ್ಲಿ ಆಡುತ್ತದೆ, ಮೂಗಿನಲ್ಲಿ ಸುಳಿಯುತ್ತದೆ. ಆದರೆ ಅದು ಹುಟ್ಟುವುದು ಮಿದುಳಿನ ಬುಡದಲ್ಲಿ, ಕೆಲವೇ ಸಾವಿರ ಕೋಶಗಳ ಒಗ್ಗಟ್ಟಿನಲ್ಲಿ. ಆ ಕೋಶಗಳಲ್ಲಿ ಯಾವ ಒಂದೂ ಅರಸನಲ್ಲ. ಒಂದನ್ನೊಂದು ಎಬ್ಬಿಸುತ್ತ, ಒಂದರ ದನಿಗೆ ಮತ್ತೊಂದು ದನಿಗೂಡಿಸುತ್ತ, ಮಗು ಹುಟ್ಟಿ ಮೊದಲ ಉಸಿರನ್ನೆಳೆದ ಗಳಿಗೆಯಿಂದ ಅವು ಮನುಷ್ಯನ ಬದುಕಿನ ತೇರನ್ನು ಎಳೆಯುತ್ತಲೇ ಇರುತ್ತವೆ.